ಒಂದು ಮಾತ್ರೆ, ನಾಲ್ಕು ತಾಲ್ಲೂಕಿನ ಧೂಳು

ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಜನ ಸೀನುವುದಕ್ಕೆ ಒಂದೊಂದು ಕಡೆ ಒಂದೊಂದು ಕಾರಣ. ಚನ್ನಗಿರಿಯಲ್ಲಿ ಅಡಿಕೆ ಸುಲಿತ ಶುರುವಾದರೆ ಅಂಗಳ, ಕಣ, ಒಣಗಿಸುವ ತಾಡಪಾಲು ಎಲ್ಲೆಲ್ಲೂ ಸಿಪ್ಪೆಯ ನಾರು. ಹೊನ್ನಾಳಿ, ನ್ಯಾಮತಿಯ ನೀರಾವರಿ ಬಯಲಿಗೆ ಭತ್ತದ ಕಟಾವು ಯಂತ್ರ ಇಳಿದ ದಿನ ಊರ ಮೇಲೆಲ್ಲ ಹೊಟ್ಟು. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಮೆಕ್ಕೆಜೋಳದ ಒಕ್ಕಣೆಯ ಧೂಳು, ಅದರ ಜೊತೆಗೆ ಬಳ್ಳಾರಿ ಜಾಲಿಯ ಪರಾಗ. ಹೊಲದ ಬದುವಿನಿಂದ ಬಸ್ ನಿಲ್ದಾಣದ ಹಿಂಬದಿಯವರೆಗೆ ಕಾಂಗ್ರೆಸ್ ಕಳೆಯಂತೂ ನಾಲ್ಕೂ ಕಡೆ ಇದೆ.

ಕಾರಣ ಹಲವಾದರೂ ಮದ್ದು ಮಾತ್ರ ಒಂದೇ. ಮೆಡಿಕಲ್ ಶಾಪಿನ ಮುಂದೆ ಬೈಕು ನಿಲ್ಲಿಸಿ, ಅದರ ಮೇಲೆ ಕೂತೇ, "ಅಣ್ಣಾ, ಎರಡು ಸಿಟ್ರಿಜಿನ್ ಕೊಡು" ಎಂದರಾಯಿತು. ವೈದ್ಯರು ಬರೆಯುವ ಸೆಟಿರಿಜಿನ್ ಜನರ ಬಾಯಲ್ಲಿ ಸಿಟ್ರಿಜಿನ್. ಅದಕ್ಕಿಂತ ಹಿಂದಿನ ತಲೆಮಾರಿನವರು ಅವಿಲ್ ಕೇಳುತ್ತಾರೆ. ನೆಗಡಿ, ತುರಿಕೆ, ಗಂಧೆ, ಕೆಮ್ಮು, ಚೇಳು ಕಡಿತ, ನಿದ್ದೆ ಬಾರದಿರುವುದು, ಹೀಗೆ ಎಲ್ಲದಕ್ಕೂ ಇವೇ.

ಮಾತ್ರೆ ಕೆಟ್ಟದ್ದೇನಲ್ಲ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಸಿಟ್ರಿಜಿನ್ ಇದೆ. ಬೆಲೆ ಕಡಿಮೆ, ಸರಿಯಾಗಿ ಬಳಸಿದರೆ ಅಪಾಯವೂ ಕಡಿಮೆ. ಎಡವಟ್ಟಾಗುವುದು ತನ್ನದಲ್ಲದ ಕೆಲಸಕ್ಕೆ ಅದನ್ನು ಹಚ್ಚಿದಾಗ, ಇಲ್ಲವೇ ಅದು ತಾಳದ ಮೈಗೆ ಕೊಟ್ಟಾಗ. ಆಂಟಿಹಿಸ್ಟಮಿನ್‌ಗಳ ಸುರಕ್ಷತೆಯ ಬಗ್ಗೆ ಜಗತ್ತು ಕಳೆದ ಎಂಬತ್ತು ಚಿಲ್ಲರೆ ವರ್ಷಗಳಲ್ಲಿ ಕಲಿತಿದ್ದರಲ್ಲಿ ಬಹುಪಾಲು ಈ ಎರಡು ತಪ್ಪುಗಳಿಗೇ ಸಂಬಂಧಿಸಿದ್ದು.

ಮಾತ್ರೆಯ ಕೆಲಸ ಯಾವುದು

ಮೈಗೆ ಒಗ್ಗದ ಪರಾಗವೋ ಧೂಳೋ ಮೂಗಿನ ಒಳಪದರಕ್ಕೆ ತಾಗಿದಾಗ ಅಲ್ಲಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ಅದು ನರಗಳ, ರಕ್ತನಾಳಗಳ ಮೇಲಿರುವ ಗ್ರಾಹಕಗಳಿಗೆ ಹೋಗಿ ಕೂತಾಗ ಸೀನು, ಸುರಿಯುವ ಮೂಗು, ಕಣ್ಣಿನ ತುರಿಕೆ, ಚರ್ಮದ ಮೇಲೆ ಗಂಧೆ ಕಾಣಿಸಿಕೊಳ್ಳುತ್ತವೆ. ಆಂಟಿಹಿಸ್ಟಮಿನ್ ಹಿಸ್ಟಮಿನ್ನನ್ನು ನಾಶ ಮಾಡುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ, ಗ್ರಾಹಕಗಳ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಆದ್ದರಿಂದಲೇ ಒಕ್ಕಣೆಗೆ ಹೋಗುವ ಒಂದು ಗಂಟೆ ಮೊದಲು ನುಂಗಿದ ಮಾತ್ರೆ, ಸೀನಿ ಸೀನಿ ಸುಸ್ತಾದ ಮೇಲೆ ನುಂಗಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಹಿಸ್ಟಮಿನ್ ದೇಹದಲ್ಲಿ ಮಾಡುವ ಕಿತಾಪತಿಯನ್ನು ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ 1910ರಲ್ಲಿ ವಿವರಿಸಿದರು. ಅದನ್ನು ತಡೆಯುವ ಮೊದಲ ವಸ್ತುವನ್ನು 1937ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಗುರುತಿಸಿದವರು ಡೇನಿಯಲ್ ಬೋವೆ ಮತ್ತು ಆನ್ ಮರಿ ಸ್ಟೌಬ್. ಆ ವಸ್ತು ಮನುಷ್ಯರಿಗೆ ಕೊಡಲಾಗದಷ್ಟು ವಿಷವಾಗಿತ್ತು. ಮನುಷ್ಯರು ನುಂಗಬಹುದಾದ ಔಷಧಿಗಳು 1940ರ ದಶಕದಲ್ಲಿ ಸಾಲುಸಾಲಾಗಿ ಬಂದವು. ಬೋವೆಗೆ 1957ರಲ್ಲಿ ನೊಬೆಲ್ ಬಂತು.

ಹಿಸ್ಟಮಿನ್ನಿನ ಪಾತ್ರ ಹೆಚ್ಚಿರುವ ಕಡೆ ಮಾತ್ರೆ ಗೆಲ್ಲುತ್ತದೆ, ಕಡಿಮೆ ಇರುವ ಕಡೆ ಸೋಲುತ್ತದೆ. ಸೀನು, ಮೂಗಿನ ತುರಿಕೆ, ನೀರು ಸುರಿಯುವುದು ಬೇಗ ಹತೋಟಿಗೆ ಬರುತ್ತವೆ. ಕಟ್ಟಿದ ಮೂಗು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ತಿಂಗಳುಗಟ್ಟಲೆ ಮೂಗು ಕಟ್ಟಿಕೊಂಡು ಬಾಯಲ್ಲಿ ಉಸಿರಾಡುವವರಿಗೆ ದಿನಾ ಹೊಡೆದುಕೊಳ್ಳುವ ಸ್ಟಿರಾಯ್ಡ್ ಮೂಗಿನ ಸ್ಪ್ರೇ ಹೆಚ್ಚು ಪರಿಣಾಮಕಾರಿ ಎನ್ನುವುದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ಅದರ ಗುಣ ಕಾಣಲು ಕೆಲವು ದಿನ ಬೇಕು. ಆ ತಾಳ್ಮೆ ಇಲ್ಲದವರು ತಕ್ಷಣ ಮೂಗು ಬಿಡಿಸುವ ಡ್ರಾಪ್ಸ್‌ಗೆ ಜೋತುಬೀಳುತ್ತಾರೆ. ಅದನ್ನು ಐದಾರು ದಿನ ಮೀರಿ ಹಾಕಿಕೊಂಡರೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ವೈರಸ್ಸಿನಿಂದ ಬಂದ ಮಾಮೂಲಿ ನೆಗಡಿಯಲ್ಲಿ ಮಾತ್ರೆಯ ಉಪಕಾರ ದೊಡ್ಡವರಿಗೆ ಮೊದಲ ಒಂದೆರಡು ದಿನ, ಅದೂ ಅಲ್ಪ.

ಕಾಂಗ್ರೆಸ್ ಕಳೆಯ ಎರಡು ಮುಖ

ಈ ಭಾಗದ ಮಟ್ಟಿಗೆ ಮುಖ್ಯವಾದ ಗೊಂದಲ ಕಾಂಗ್ರೆಸ್ ಕಳೆಯದು. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಮುಂದೆ ಕರ್ನಾಟಕವನ್ನೆಲ್ಲ ಆವರಿಸಿತು. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದಾಯಿತು. ಕಳೆ ಮಾತ್ರ ಉಳಿದೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಈ ಗಿಡ ತರುವ ಅಲರ್ಜಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು.

ಈ ಗಿಡ ಮನುಷ್ಯನನ್ನು ಎರಡು ದಾರಿಯಲ್ಲಿ ಕಾಡುತ್ತದೆ. ಪರಾಗ ಮೂಗಿಗೆ ಹೋದರೆ ಸೀನು, ನೆಗಡಿ. ಇದು ಹಿಸ್ಟಮಿನ್ನಿನ ಕೆಲಸವಾದ್ದರಿಂದ ಸಿಟ್ರಿಜಿನ್‌ಗೆ ಬಗ್ಗುತ್ತದೆ. ಎಲೆ, ಕಾಂಡ, ಒಣಗಿದ ಪುಡಿ ಚರ್ಮಕ್ಕೆ ತಾಗಿದರೆ ಕತೆ ಬೇರೆ. ಗಿಡದಲ್ಲಿರುವ ಪಾರ್ಥೇನಿನ್ ಎಂಬ ವಸ್ತು ಒಂದೆರಡು ದಿನ ತಡವಾಗಿ ಎಚ್ಚರಗೊಳ್ಳುವ ಇನ್ನೊಂದು ಬಗೆಯ ಪ್ರತಿರೋಧವನ್ನು ಕೆರಳಿಸುತ್ತದೆ. ಕಳೆ ಕಿತ್ತ ಕೂಲಿಯವರ ಕಣ್ಣಿನ ರೆಪ್ಪೆ, ಕತ್ತಿನ ಸುತ್ತ, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪಗಾಗಿ, ಕಪ್ಪಿಟ್ಟು, ಬಿರುಕು ಬಿಡುವ ಇಸುಬು ಇದರದ್ದು. ಇಲ್ಲಿ ಹಿಸ್ಟಮಿನ್‌ಗೆ ದೊಡ್ಡ ಪಾತ್ರವಿಲ್ಲ. ಮಾತ್ರೆ ಸ್ವಲ್ಪ ಮಂಪರು ತಂದು ರಾತ್ರಿಯ ಕೆರೆತ ಕಡಿಮೆ ಮಾಡೀತು, ರೋಗವನ್ನು ಮುಟ್ಟುವುದಿಲ್ಲ. ಗಿಡದ ಸಂಪರ್ಕ ತಪ್ಪಿಸಬೇಕು, ಚರ್ಮ ವೈದ್ಯರಿಗೆ ತೋರಿಸಬೇಕು. ಕೆಲವರಿಗೆ ಪ್ರತಿರೋಧ ಶಕ್ತಿಯನ್ನೇ ತಗ್ಗಿಸುವ ಔಷಧಿಗಳು ಬೇಕಾಗುತ್ತವೆ. ವರ್ಷಗಟ್ಟಲೆ ಸಿಟ್ರಿಜಿನ್ ನುಂಗಿ, "ಇದು ನಮ್ಮ ಮೈಗೆ ಹತ್ತುತ್ತಿಲ್ಲ" ಎನ್ನುವವರಲ್ಲಿ ಇಂಥವರೂ ಇರುತ್ತಾರೆ.

ಇದಕ್ಕಿಂತ ಅಪಾಯದ ಗೊಂದಲ ಉಬ್ಬಸದ್ದು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಮಕ್ಕಳ ಅಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಅಲರ್ಜಿ ನೆಗಡಿಯೂ ಅಸ್ತಮಾವೂ ಒಬ್ಬರಲ್ಲೇ ಇರುವುದು ಸಾಮಾನ್ಯ. ಆದರೆ ಎದೆಯಲ್ಲಿ ಸುಯ್‌ಗುಟ್ಟುವ ಸದ್ದು ಬಂದಾಗ ಬೇಕಾದದ್ದು ಇನ್‌ಹೇಲರ್. ರೈಸ್ ಮಿಲ್ಲಿನಲ್ಲೋ ಮೆಕ್ಕೆಜೋಳದ ಕಣದಲ್ಲೋ ದುಡಿದು ರಾತ್ರಿ ದಮ್ಮು ಕಟ್ಟುವವರು ಸಿಟ್ರಿಜಿನ್ ನುಂಗಿ ಬೆಳಗಿನವರೆಗೆ ಕಾಯುವುದು ಸರಿಯಾದ ಚಿಕಿತ್ಸೆಯನ್ನು ಮುಂದೂಡಿದಂತೆ.

ಹಳೆಯವು, ಹೊಸವು, ನಿದ್ದೆ

ಆಂಟಿಹಿಸ್ಟಮಿನ್‌ಗಳಲ್ಲಿ ಎರಡು ತಲೆಮಾರುಗಳಿವೆ. ಕ್ಲೋರ್‌ಫೆನಿರಮಿನ್, ಅವಿಲ್‌ನಲ್ಲಿರುವ ಫೆನಿರಮಿನ್, ಪ್ರೊಮೆಥಜಿನ್, ಡೈಫೆನ್‌ಹೈಡ್ರಮಿನ್, ಹೈಡ್ರಾಕ್ಸಿಜಿನ್ ಹಳೆಯವು. ಇವು ರಕ್ತದಿಂದ ಮೆದುಳಿಗೆ ಸಲೀಸಾಗಿ ದಾಟುತ್ತವೆ. ಎಚ್ಚರವಾಗಿರಲು ಮೆದುಳಿಗೂ ಹಿಸ್ಟಮಿನ್ ಬೇಕು. ಅದನ್ನು ತಡೆದರೆ ತೂಕಡಿಕೆ. ಸಿಟ್ರಿಜಿನ್, ಲೆವೊಸಿಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಹೊಸವು. ಇವು ಮೆದುಳಿಗೆ ಹೋಗುವುದು ಕಡಿಮೆ.

ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಹೊಸ ತಲೆಮಾರಿನದಾದರೂ ಸಿಟ್ರಿಜಿನ್ ಒಂದಷ್ಟು ನಿದ್ದೆ ತರುತ್ತದೆ. ಅಮೆರಿಕದಲ್ಲಿ ಅದರ ಪ್ರಯೋಗಗಳ ವೇಳೆ 10 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಶೇ 14 ಮಂದಿಗೆ ಮಂಪರು ಬಂದಿತ್ತು. ಔಷಧಿ ಇಲ್ಲದ ಉತ್ತುತ್ತು ಮಾತ್ರೆ ತೆಗೆದುಕೊಂಡವರಲ್ಲಿ ಶೇ 6. ಫೆಕ್ಸೊಫೆನಡಿನ್ ಮೆದುಳಿಗೆ ಹೋಗುವುದು ಬಹುತೇಕ ಇಲ್ಲವೆಂದೇ ಹೇಳಬಹುದು.

ಹಳೆಯ ಮಾತ್ರೆಗಳ ಮಂಪರು ಎಷ್ಟೆಂದು ತೋರಿಸಿದ ಪ್ರಸಿದ್ಧ ಪ್ರಯೋಗ ಅಮೆರಿಕದ ಅಯೋವಾದ್ದು. 2000ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಲರ್ಜಿ ಇದ್ದವರನ್ನು ಕೃತಕ ಚಾಲನಾ ಯಂತ್ರದಲ್ಲಿ ಕೂರಿಸಿ ಗಾಡಿ ಓಡಿಸಲು ಹೇಳಿದ್ದರು. 50 ಮಿ.ಗ್ರಾಂ. ಡೈಫೆನ್‌ಹೈಡ್ರಮಿನ್ ತೆಗೆದುಕೊಂಡವರ ಚಾಲನೆ, ಮದ್ಯ ಕುಡಿದವರ ಚಾಲನೆಗಿಂತಲೂ ಕೆಟ್ಟದಾಗಿತ್ತು. ಫೆಕ್ಸೊಫೆನಡಿನ್ ತೆಗೆದುಕೊಂಡವರು ಮಾಮೂಲಿನಂತೆಯೇ ಓಡಿಸಿದರು. ಇನ್ನೂ ಒಂದು ಅಂಶ ಗಮನಿಸುವಂಥದ್ದು: ತಮಗೆಷ್ಟು ಮಂಪರು ಬಂದಿದೆ ಎಂದು ಚಾಲಕರು ಹೇಳಿದ್ದಕ್ಕೂ ಅವರ ಚಾಲನೆ ಕೆಟ್ಟದ್ದಕ್ಕೂ ಹೊಂದಿಕೆ ಅಷ್ಟಕ್ಕಷ್ಟೆ. "ನನಗೆ ನಿದ್ದೆ ಬಂದಿಲ್ಲ, ಗಾಡಿ ಹೊಡೀತೀನಿ" ಎಂಬ ಮಾತನ್ನು ನಂಬುವ ಹಾಗಿಲ್ಲ.

ಜಗಳೂರಿನಿಂದ ರಾತ್ರಿ ಮೆಕ್ಕೆಜೋಳದ ಲೋಡು ಹೊತ್ತು ದಾವಣಗೆರೆ ಕಡೆ ಹೊರಡುವ ಚಾಲಕನಿಗೆ, ನ್ಯಾಮತಿಯಿಂದ ಶಿವಮೊಗ್ಗಕ್ಕೆ ಬೈಕಿನಲ್ಲಿ ಕೆಲಸಕ್ಕೆ ಹೋಗಿಬರುವವನಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಚನ್ನಗಿರಿಯ ತೋಟದಲ್ಲಿ ಮರದಿಂದ ಮರಕ್ಕೆ ಜಿಗಿದು ಕೊನೆ ಇಳಿಸುವವನಿಗೆ, ತಲೆ ಮೇಲೆತ್ತಿ ಉದ್ದನೆಯ ದೋಟಿ ಹಿಡಿದು ನಿಂತವನಿಗೆ ಇನ್ನೂ ಹೆಚ್ಚು. ರಾತ್ರಿ ನುಂಗಿದ ಮಾತ್ರೆ ಬೆಳಿಗ್ಗೆಗೆ ಇಳಿದಿರುತ್ತದೆ ಎಂಬ ಲೆಕ್ಕವೂ ಹಳೆಯ ಮಾತ್ರೆಗಳಲ್ಲಿ ತಪ್ಪುತ್ತದೆ. ಕ್ಲೋರ್‌ಫೆನಿರಮಿನ್ ಅರ್ಧದಷ್ಟು ಕರಗಲು ದೊಡ್ಡವರ ದೇಹದಲ್ಲಿ 20 ಗಂಟೆಗೂ ಹೆಚ್ಚು ಹೊತ್ತು ಹಿಡಿಯಬಹುದು. ಮೇಲೆ ಒಂದು ಕ್ವಾರ್ಟರ್ ಬಿದ್ದರೆ ಎರಡರ ಮಂಪರೂ ಕೂಡಿಕೊಳ್ಳುತ್ತದೆ.

ಅರ್ಧ ಶೀಟಿನ ಕತೆ

ಅಂಗಡಿಯವರು ಎರಡು ಮಾತ್ರೆ ಕತ್ತರಿಸಿ ಕೊಡುವಾಗ ಔಷಧಿಯ ಹೆಸರು, ಪ್ರಮಾಣ, ಅವಧಿ ಮುಗಿಯುವ ತಿಂಗಳು, ಎಚ್ಚರಿಕೆಯ ಸಾಲು ಅಂಗಡಿಯಲ್ಲಿ ಉಳಿಯುವ ತುಂಡಿನ ಮೇಲೇ ಇರಬಹುದು. ಕೈಗೆ ಬಂದ ತುಂಡಿನ ಬೆನ್ನ ಮೇಲೆ ಇರುವುದು ಅರ್ಧಂಬರ್ಧ ಇಂಗ್ಲಿಷ್ ಅಕ್ಷರಗಳು. ಮನೆಗೆ ಹೋದ ಮೇಲೆ ಅದು "ಬಿಳಿ ಮಾತ್ರೆ", "ಚಿಕ್ಕ ಮಾತ್ರೆ" ಆಗುತ್ತದೆ.

ಇದರಿಂದ ಆಗುವ ಮೊದಲ ತಪ್ಪು ಒಂದೇ ಬಗೆಯ ಔಷಧಿ ಎರಡೆರಡು ಸಲ ಹೊಟ್ಟೆ ಸೇರುವುದು. ನೆಗಡಿ, ಜ್ವರಕ್ಕೆಂದು ಸಿಗುವ ಬಹಳಷ್ಟು ಮಾತ್ರೆಗಳಲ್ಲಿ ಪ್ಯಾರಸಿಟಮಾಲ್, ಫಿನೈಲ್‌ಎಫ್ರಿನ್ ಜೊತೆ ಕ್ಲೋರ್‌ಫೆನಿರಮಿನ್ ಇರುತ್ತದೆ. ಅದನ್ನು ನುಂಗಿದವರು ತುರಿಕೆಗೆ ಸಿಟ್ರಿಜಿನ್, ಕೆಮ್ಮಿಗೆ ಇನ್ನೊಂದು ಸಿರಪ್ ಸೇರಿಸಿದರೆ ಒಂದೇ ದಿನ ಎರಡು ಮೂರು ಆಂಟಿಹಿಸ್ಟಮಿನ್ ಆಗಿಬಿಡುತ್ತವೆ. ದೊಡ್ಡವರಿಗೆ ಸಿಟ್ರಿಜಿನ್ ದಿನಕ್ಕೆ 10 ಮಿ.ಗ್ರಾಂ.ನ ಒಂದು ಮಾತ್ರೆ. ಒಂದಕ್ಕೆ ಬಗ್ಗದ ಗಂಧೆಗೆ ಚರ್ಮ ವೈದ್ಯರು ಹೊಸ ತಲೆಮಾರಿನ ಮಾತ್ರೆಯ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ಅದು ಅವರ ನಿಗಾದಲ್ಲಿ ನಡೆಯುವ ಕೆಲಸ, ಪಕ್ಕದ ಮನೆಯವರು ನೋಡಿ ಅನುಸರಿಸುವಂಥದ್ದಲ್ಲ.

ಎರಡನೆಯದು ಮಾಂಟೆಲುಕಾಸ್ಟ್ ಎಂಬ ಇನ್ನೊಂದು ಔಷಧಿ ಸೇರಿದ ಜೋಡಿ ಮಾತ್ರೆ. ಲೆವೊಸಿಟ್ರಿಜಿನ್ ಜೊತೆ ಇದನ್ನು ಕೂಡಿಸಿದ ಮಾತ್ರೆಗಳು ನಮ್ಮಲ್ಲಿ ಧಾರಾಳವಾಗಿ ಖರ್ಚಾಗುತ್ತವೆ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರ ಮಾರ್ಚಿನಲ್ಲಿ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನು ಹಾಕಿತು. ಬೇರೆ ಔಷಧಿ ಸಾಕಾಗುವ ಅಲರ್ಜಿ ನೆಗಡಿಗೆ ಇದು ಬೇಡ ಎಂದೂ ಹೇಳಿತು. ಬರೀ ಸೀನಿಗೆ ಸಿಟ್ರಿಜಿನ್ ಸಾಕಾಗುವಾಗ ಜೋಡಿ ಮಾತ್ರೆ ಕೇಳಿ ಪಡೆಯುವುದಕ್ಕೆ ಅರ್ಥವಿಲ್ಲ.

ಅದೇ ಸಂಸ್ಥೆ 2025ರ ಮೇ ತಿಂಗಳಲ್ಲಿ ಇನ್ನೊಂದು ವಿಚಿತ್ರವನ್ನು ಬೆಳಕಿಗೆ ತಂದಿತು. ಸಿಟ್ರಿಜಿನ್ ಅಥವಾ ಲೆವೊಸಿಟ್ರಿಜಿನ್ನನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನಾ ನುಂಗಿ ನಿಲ್ಲಿಸಿದ ಕೆಲವರಲ್ಲಿ ಒಂದೆರಡು ದಿನಗಳಲ್ಲೇ ಮೈಯೆಲ್ಲ ತೀವ್ರ ತುರಿಕೆ ಬಂದಿದೆ. 2017ರಿಂದ 2023ರ ನಡುವೆ ಜಗತ್ತಿನಾದ್ಯಂತ ಲೆಕ್ಕಕ್ಕೆ ಸಿಕ್ಕ ಪ್ರಕರಣಗಳು 209. ಕೋಟಿಗಟ್ಟಲೆ ಜನ ನುಂಗುವ ಮಾತ್ರೆಗೆ ಇದು ಸಣ್ಣ ಸಂಖ್ಯೆಯೇ. ಆದರೆ ಆ ತುರಿಕೆಯನ್ನು ಹಳೆಯ ಅಲರ್ಜಿಯೆಂದೇ ತಿಳಿದು ಮತ್ತೆ ಮಾತ್ರೆ ಹಿಡಿಯುವವರು ಹೊರಬರುವ ದಾರಿಯನ್ನು ವೈದ್ಯರ ಜೊತೆ ಮಾತಾಡಿಕೊಳ್ಳುವುದು ಒಳ್ಳೆಯದು.

ಮಕ್ಕಳು, ಹಿರಿಯರು, ಬಸುರಿಯರು

ಮಕ್ಕಳ ವಿಷಯದಲ್ಲಿ ಸಲಿಗೆ ಸಲ್ಲದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಕೂಡಿಸಿದ ನೆಗಡಿ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಾಗೆಂದು ಲೇಬಲ್ ಮೇಲೆ ಮುದ್ರಿಸಬೇಕು ಎಂದು ಭಾರತದ ಔಷಧ ಮಹಾನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ತಗ್ಗಿಸಬಹುದೆಂದು ಅಮೆರಿಕ 2004ರಲ್ಲೇ ಎಚ್ಚರಿಸಿತ್ತು. ಪ್ರಯಾಣದಲ್ಲಿ ಮಗು ಅಳದಿರಲಿ, ರಾತ್ರಿ ಮಲಗಲಿ ಎಂದು ಒಂದು ಮುಚ್ಚಳ ಸಿರಪ್ ಕುಡಿಸುವುದು ಹಲವು ಮನೆಗಳಲ್ಲಿ ನಡೆದುಬಂದಿದೆ. ಕೆಲವು ಮಕ್ಕಳಲ್ಲಿ ಇದು ತಿರುಗುಬಾಣವಾಗಿ ನಿದ್ದೆಯ ಬದಲು ರಚ್ಚೆ ಹೆಚ್ಚುತ್ತದೆ.

ಸಿರಪ್ಪಿಗೆ ಇನ್ನೊಂದು ಅಪಾಯವೂ ಅಂಟಿಕೊಂಡಿದೆ. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಸೋತು ತೀರಿಕೊಂಡ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದ ಭಾರತದ ನಾಲ್ಕು ಸಿರಪ್‌ಗಳಲ್ಲಿ ಒಂದು ಪ್ರೊಮೆಥಜಿನ್‌ದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳ ಜೀವ ತೆಗೆದ ಕೋಲ್ಡ್ರಿಫ್ ಸಿರಪ್ಪಿನಲ್ಲಿ ಇರಬೇಕಾಗಿದ್ದದ್ದು ಪ್ಯಾರಸಿಟಮಾಲ್, ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್. ಪರೀಕ್ಷೆಯಲ್ಲಿ ಸಿಕ್ಕಿದ್ದು ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಕೊಂದದ್ದು ಆಂಟಿಹಿಸ್ಟಮಿನ್ ಅಲ್ಲ, ಕಲಬೆರಕೆ. ಆದರೂ ತಾನಾಗಿ ವಾಸಿಯಾಗುವ ನೆಗಡಿಗೆ ಪುಟ್ಟ ಮಕ್ಕಳಿಗೆ ಸಿರಪ್ ಬೇಕೇ ಎಂಬ ಪ್ರಶ್ನೆಯನ್ನು ಈ ಸಾವುಗಳು ಮತ್ತೆ ಎತ್ತಿವೆ. ಬೇಡ ಎನ್ನುವುದೇ ಮಕ್ಕಳ ತಜ್ಞರಲ್ಲಿ ಹೆಚ್ಚಿನವರ ಉತ್ತರ.

ಹಿರಿಯರಿಗೆ ಹಳೆಯ ಮಾತ್ರೆಗಳು ಬೇರೆ ರೀತಿಯಲ್ಲಿ ಕಂಟಕ. ಅವು ಹಿಸ್ಟಮಿನ್ ಜೊತೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವನ್ನೂ ತಡೆಯುತ್ತವೆ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ಪ್ರಾಸ್ಟೇಟ್ ಊದಿರುವ ಅಜ್ಜನಿಗೆ ಮೂತ್ರವೇ ಕಟ್ಟಿ, ನಡುರಾತ್ರಿ ಟ್ಯೂಬ್ ಹಾಕಿಸಲು ಆಸ್ಪತ್ರೆಗೆ ಓಡಬೇಕಾಗಬಹುದು. ಒಂದು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಏರುತ್ತದೆ. ಗೊಂದಲ, ಮರೆವು, ಬಚ್ಚಲಲ್ಲಿ ಜಾರಿ ಬೀಳುವುದು ಹೆಚ್ಚುತ್ತವೆ. ವಯಸ್ಸಾದವರಿಗೆ ತಪ್ಪಿಸಬೇಕಾದ ಔಷಧಿಗಳ ಅಮೆರಿಕದ ಬೀರ್ಸ್ ಪಟ್ಟಿಯಲ್ಲಿ ಇವು ಸೇರಿರುವುದು ಇದಕ್ಕೇ. ಹೊಸ ಮಾತ್ರೆಗಳು ಮೇಲು, ಆದರೆ ಸಿಟ್ರಿಜಿನ್ ಹೊರಹೋಗುವುದು ಮೂತ್ರಪಿಂಡದ ಮೂಲಕ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತವರಿಗೆ ವೈದ್ಯರು ಪ್ರಮಾಣವನ್ನು ಸಾಮಾನ್ಯವಾಗಿ ಅರ್ಧಕ್ಕಿಳಿಸುತ್ತಾರೆ. ಬಸುರಿಯರಲ್ಲಿ ಲೊರಾಟಡಿನ್, ಸಿಟ್ರಿಜಿನ್ ಬಳಕೆಯ ಅನುಭವ ದೀರ್ಘವಾಗಿದ್ದು ಭರವಸೆ ಕೊಡುವಂತಿದೆ. ಆದರೂ ತಪಾಸಣೆಗೆ ಹೋದಾಗ ಕೇಳಿಯೇ ಶುರುಮಾಡುವುದು ಕ್ರಮ.

ಜೊತೆಗೆ ಏನು ಸೇರುತ್ತದೆ

ಹೊಸ ಮಾತ್ರೆಗಳೆಲ್ಲ ಹುಟ್ಟಿನಿಂದಲೇ ಸಾಧುವಾಗಿರಲಿಲ್ಲ. ನಿದ್ದೆ ತರದ ಮಾತ್ರೆಯೆಂದು 1980ರ ದಶಕದಲ್ಲಿ ಜಗತ್ತು ಮೆಚ್ಚಿದ್ದ ಟೆರ್ಫೆನಡಿನ್ ಅನ್ನು ಎರಿಥ್ರೊಮೈಸಿನ್, ಕಿಟೊಕೊನಜೋಲ್ ಜೊತೆ ತೆಗೆದುಕೊಂಡವರಲ್ಲಿ ಹೃದಯದ ಬಡಿತ ಹದಗೆಟ್ಟು ಸಾವುಗಳಾದವು. 1990ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು. ದೇಹದಲ್ಲಿ ಟೆರ್ಫೆನಡಿನ್ ಮಾರ್ಪಟ್ಟು ಆಗುವ ನಿರಪಾಯ ರೂಪವೇ ಇವತ್ತಿನ ಫೆಕ್ಸೊಫೆನಡಿನ್. ಅದನ್ನು ಬರೀ ನೀರಿನಲ್ಲಿ ನುಂಗಬೇಕು. ಕಿತ್ತಳೆ, ಸೇಬಿನ ರಸದ ಜೊತೆ ನುಂಗಿದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗ್ಯಾಸ್ಟ್ರಿಕ್ಕಿಗೆಂದು ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಗುಲಾಬಿ ಟಾನಿಕ್ ಕುಡಿಯುವವರು ನಡುವೆ ಎರಡು ಗಂಟೆಯಾದರೂ ಬಿಡಬೇಕು.

ಹೆಜ್ಜೇನು ಎದ್ದಾಗ

ತೋಟದಲ್ಲಿ ಕಡಜವೋ ಹೆಜ್ಜೇನೋ ಎದ್ದು ಕಚ್ಚಿದಾಗ ಕಚ್ಚಿದ ಜಾಗ ಊದಿ ಉರಿದರೆ ಮಾತ್ರೆ ಸಾಕು. ಮೈಯೆಲ್ಲ ಗಂಧೆಯೆದ್ದು, ಜೊತೆಗೆ ನಾಲಿಗೆ ಊದಿ, ದನಿ ಒಡೆದು, ಉಸಿರು ಕಟ್ಟಿ, ವಾಂತಿಯಾಗಿ, ಕಣ್ಣು ಕತ್ತಲೆ ಬಂದರೆ ಅದು ಅನಾಫಿಲ್ಯಾಕ್ಸಿಸ್. ಜೀವ ಉಳಿಸುವುದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಹತ್ತಿರದ ಕ್ಲಿನಿಕ್ಕಿನಲ್ಲಿ ಅವಿಲ್ ಇಂಜೆಕ್ಷನ್ ಹಾಕಿಸಿಕೊಂಡು "ಈಗ ಇಳಿಯುತ್ತೆ" ಎಂದು ಕಾಯುವುದು ಇಲ್ಲಿಯ ದೊಡ್ಡ ತಪ್ಪು. ಆಂಟಿಹಿಸ್ಟಮಿನ್ ತುರಿಕೆ ಇಳಿಸುತ್ತದೆಯೇ ಹೊರತು ಕುಸಿದ ರಕ್ತದೊತ್ತಡ ಏರಿಸುವುದಿಲ್ಲ, ಮುಚ್ಚಿದ ಗಂಟಲನ್ನು ತೆರೆಯುವುದಿಲ್ಲ. 108ಕ್ಕೆ ಕರೆ ಮಾಡಿ, ತಲೆಸುತ್ತಿರುವವರನ್ನು ಎಬ್ಬಿಸಿ ನಡೆಸದೆ ಮಲಗಿಸಿ ಕಾಲು ಎತ್ತರಿಸಬೇಕು. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಬೇಕು.

ಕೌಂಟರಿನ ಈಚೆ, ಆಚೆ

ಇಷ್ಟೆಲ್ಲ ಇರುವಾಗ ಮಾತ್ರೆಯನ್ನು ಚೀಟಿಯಿಲ್ಲದೆ ಮಾರಬೇಕೇ? ಅಮೆರಿಕದಲ್ಲಿ ಲೊರಾಟಡಿನ್ 2002ರಲ್ಲಿ, ಸಿಟ್ರಿಜಿನ್ 2007ರಲ್ಲಿ, ಫೆಕ್ಸೊಫೆನಡಿನ್ 2011ರಲ್ಲಿ ಚೀಟಿಯಿಂದ ಬಿಡುಗಡೆಯಾದವು. ನಮ್ಮ ಔಷಧ ನಿಯಮಗಳ ಜಿ ಪರಿಶಿಷ್ಟದಲ್ಲಿ ಆಂಟಿಹಿಸ್ಟಮಿನ್‌ಗಳಿವೆ. ವೈದ್ಯರ ನಿಗಾ ಇಲ್ಲದೆ ಸೇವಿಸುವುದು ಅಪಾಯ ಎಂದು ಅಂಥವುಗಳ ಮೇಲೆ ಮುದ್ರಿಸಬೇಕು. ಕೌಂಟರಿನಲ್ಲಿ ನಡೆಯುವುದೇ ಬೇರೆ. ಚೀಟಿ ಕಡ್ಡಾಯ ಮಾಡಿದರೆ ಜಗಳೂರಿನ ಒಳಹಳ್ಳಿಯ ಕೂಲಿಯವರು ಒಂದು ಮಾತ್ರೆಗಾಗಿ ಒಂದು ದಿನದ ಕೂಲಿ ಬಿಡಬೇಕಾಗುತ್ತದೆ ಎಂಬ ವಾದದಲ್ಲೂ ಹುರುಳಿದೆ.

2022ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಚೀಟಿಯಿಲ್ಲದೆ, ಐದು ದಿನಕ್ಕೆ ಮೀರದಂತೆ ಮಾರಬಹುದಾದ 16 ಔಷಧಿಗಳ ಕರಡು ಪಟ್ಟಿ ಹೊರಡಿಸಿತು. ಅದರಲ್ಲಿದ್ದ ನುಂಗುವ ಆಂಟಿಹಿಸ್ಟಮಿನ್ ಸಿಟ್ರಿಜಿನ್ ಆಗಿರಲಿಲ್ಲ, 25 ಮಿ.ಗ್ರಾಂ.ನ ಡೈಫೆನ್‌ಹೈಡ್ರಮಿನ್ ಕ್ಯಾಪ್ಸೂಲ್ ಆಗಿತ್ತು. ಅಯೋವಾದ ಚಾಲಕರನ್ನು ಕುಡಿದವರಿಗಿಂತ ಕಡೆ ಮಾಡಿದ್ದು ಇದೇ ಔಷಧಿ. 2025ರಲ್ಲಿ ಅಮೆರಿಕದ ಅಲರ್ಜಿ ತಜ್ಞರು ವಿದಾಯ ಹೇಳುವ ಕಾಲ ಬಂದಿದೆ ಎಂದು ಬರೆದದ್ದೂ ಇದರ ಬಗ್ಗೆಯೇ. ಪಟ್ಟಿ ಯಾವ ರೂಪದಲ್ಲಿ ಬಂದರೂ ಅದರೊಳಗೆ ಮಂಪರು ಕಡಿಮೆ ತರುವ ಮಾತ್ರೆ ಇರಬೇಕೆಂದು ಕೇಳುವುದು ನ್ಯಾಯವೇ. ಅಲ್ಲಿಯವರೆಗೆ ಹೊನ್ನಾಳಿಯ ಕೌಂಟರಿನಲ್ಲೂ ಆಗಬಹುದಾದ ಕೆಲಸವೊಂದಿದೆ: ಮಾತ್ರೆ ಹಾಕಿಕೊಡುವ ಕಾಗದದ ಕವರಿನ ಮೇಲೆ ಔಷಧಿಯ ಹೆಸರು, ದಿನಕ್ಕೆ ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆಯುವುದು, ಬರೆಯುವ ಮುನ್ನ "ಯಾರಿಗೆ? ವಯಸ್ಸೆಷ್ಟು? ಬೇರೆ ಮಾತ್ರೆ ಏನಾದ್ರೂ ತಗೊಳ್ತಿದ್ದಾರಾ? ಗಾಡಿ ಹೊಡೀತಾರಾ?" ಎಂದು ಕೇಳುವುದು.